ಅವನ ಸೀಟಿನಿಂದ ಹೋದ ನನ್ನ ಕೋಡ್

ನಮ್ಮ ಆಫೀಸು ಇಂದಿರಾನಗರದ ಹಳೆಯ ಮನೆಯೊಂದರ ಮಹಡಿಯಲ್ಲಿತ್ತು. ನಾವು ಬರೆದ ಕೋಡ್ ಇಡುವ ಸರ್ವರ್ ಮಾತ್ರ ಅಮೆರಿಕದಲ್ಲಿ. ಪಕ್ಕದ ಕುರ್ಚಿಯವನು ಒಂದು ಸಾಲು ತಿದ್ದಿದರೂ ಅದು ಸಮುದ್ರ ದಾಟಿ ಹೋಗಿ, ಮತ್ತೆ ದಾಟಿ ಬಂದು ನನಗೆ ಸಿಗಬೇಕು. ಕೈ ಚಾಚಿದರೆ ಸಿಗುವ ಮನುಷ್ಯ! ಎರಡು ಸಾವಿರದ ಇಸವಿಯ ಆಚೀಚಿನ ಆ ಇಂಟರ್‌ನೆಟ್ ಲೈನಿಗೆ ನಾನು ಹಾಕದ ಶಾಪವಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಕಳಿಸಲು ಕೂತರಂತೂ ಲೈನು ಎತ್ತಿನಗಾಡಿ. ನನಗೋ, ಕೆ.ಆರ್. ಪುರದ ಬಸ್ಸು ತಪ್ಪಿದರೆ ಮಗಳು ಮಲಗಿದ ಮೇಲೇ ಮನೆ. ಸೇರಿದ ಮೊದಲ ದಿನ, ನಾನಿನ್ನೂ ಏನೂ ಕಳಿಸುವ ಮುಂಚೆಯೇ, ನನ್ನ ಚಡಪಡಿಕೆ ನೋಡಿ ಪಕ್ಕದ ಸೀಟಿನ ಫ್ರೇಜರ್ ಟೌನಿನ ಸಹೋದ್ಯೋಗಿಯೇ ಉಪಾಯ ಹೇಳಿದ.

“ಅಕ್ಕಾ, ನಿಮ್ದು ನನ್ನ ಮಷೀನಿಗೆ ಹಾಕ್ಬಿಟ್ಟು ಹೊರಡಿ. ಎರಡೂ ಸೇರ್ಸಿ ನಾನೇ ಕಳಿಸ್ತೀನಿ. ನನ್ ಮನೆ ಇಲ್ಲೇ ಅಲ್ವಾ?”

ದೇವರಂಥ ಮನುಷ್ಯ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ. ಅಂದಿನಿಂದ ಮಗಳಿಗೆ ತುತ್ತು ಕೊಟ್ಟವಳು ನಾನೇ.

ನನ್ನ ಕೆಲಸ ಕಾಯಂ ಆಗುವ ಸಮಯ ಬಂತು. ಅಮೆರಿಕದ ಮ್ಯಾನೇಜರ್ ನಮ್ಮ ಮುಖ ಕಂಡವನಲ್ಲ. ಯಾರು ಏನು ಕಳಿಸಿದ್ದಾರೆಂದು ಸರ್ವರಿನಲ್ಲಿ ನೋಡಿದ. ಅಲ್ಲಿ ಎಲ್ಲವೂ ಕಳಿಸಿದವನ ಹೆಸರಿನಲ್ಲಿತ್ತು, ನನ್ನ ಹೆಸರಿನಲ್ಲಿ ಏನೂ ಇಲ್ಲ. ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಯಾರೋ ಒಬ್ಬರು ಅದನ್ನೇ ನೋಡಿ ನನ್ನ ಹಣೆಬರಹ ಬರೆಯುತ್ತಾರೆಂದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

ಅರ್ಧ ಕೆಲಸ ನನ್ನದೆಂದು ಅವನು ಎಲ್ಲರೆದುರು ಫೋನಿನಲ್ಲಿ ಗಂಟಲು ಹರಿಯುವಂತೆ ಹೇಳಿದ. ಸ್ನೇಹಕ್ಕೆ ಹೇಳುತ್ತಿದ್ದಾನೆ ಎಂದುಕೊಂಡ ಮ್ಯಾನೇಜರ್ ಒಪ್ಪಲಿಲ್ಲ. ಕೆಲಸ ಹೋಯಿತು. ಕೋಪ ನೆತ್ತಿಗೇರಿತ್ತು, ಯಾರ ಮೇಲೆ ತೀರಿಸಿಕೊಳ್ಳಲಿ? ಸಹಾಯ ಮಾಡಿದವನ ಮೇಲೆಯೇ?

ನಾನು ಹೊರಡುವ ವಾರವೇ, ಎಷ್ಟೋ ತಿಂಗಳಿಂದ ನಾವೆಲ್ಲ ಗೋಗರೆಯುತ್ತಿದ್ದ ಇನ್ನೊಂದು ಸರ್ವರ್ ನಮ್ಮ ಆಫೀಸಿಗೇ ಬಂತು. ಇನ್ನು ನಾವು ಇಲ್ಲೇ ಕಳಿಸಿದರೆ ಸಾಕು, ಅಮೆರಿಕದ್ದರ ಜೊತೆ ಅದೇ ಹೊಂದಿಸಿಕೊಳ್ಳುತ್ತದೆ. ಊಟಕ್ಕಿಲ್ಲದ ಉಪ್ಪಿನಕಾಯಿ!

ಕೊನೆಯ ದಿನ ಸಂಜೆ ಅವನು ಕುರ್ಚಿ ಎಳೆದುಕೊಂಡು ಬಂದು, “ಅಕ್ಕಾ, ಇವತ್ತು ನೀವೇ ಕಳಿಸಿ,” ಅಂದ.

ಉಳಿದಿದ್ದ ಸಣ್ಣ ತಿದ್ದುಪಡಿಯೊಂದನ್ನು ನನ್ನ ಸೀಟಿನಿಂದ ಕಳಿಸಿದೆ. ಬೆರಳು ಎತ್ತುವುದರೊಳಗೆ ಹೋಗಿಬಿಟ್ಟಿತ್ತು. ಪರದೆಯ ಮೇಲೆ ಮೊದಲ ಸಲ ನನ್ನ ಹೆಸರು ಬಂತು. ಅವನು ಮುಖ ಆಚೆ ತಿರುಗಿಸಿಕೊಂಡ.

ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಾಳೆಯಿಂದ ಆ ಬಸ್ಸು ನನಗೆ ಬೇಕಿರಲಿಲ್ಲ.