ಆದಿಲಕ್ಷ್ಮಿ ಹೊಲಿದ ಜೇಬು

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಆದಿಲಕ್ಷ್ಮಿ ಹನ್ನೊಂದು ವರ್ಷ ನನ್ನ ಪಕ್ಕದ ಮಿಷನ್ನಿನಲ್ಲಿ ಕೂತವಳು. ಅಷ್ಟು ವರ್ಷವೂ ಅವಳು ಹೊಲಿದದ್ದು ಪ್ಯಾಂಟಿನ ಹಿಂದಿನ ಜೇಬು ಮಾತ್ರ. ನಾನು ಜಿಪ್ಪು, ಅವಳು ಜೇಬು. ನಮ್ಮಲ್ಲಿ ಒಬ್ಬರಿಗೆ ಒಂದೇ ಕೆಲಸ. ಇಡೀ ಪ್ಯಾಂಟು ಹೊಲಿಯಿರಿ ಎಂದರೆ ಇಬ್ಬರೂ ಬೆಬ್ಬೆಬ್ಬೆ ಅನ್ನುವವರೇ.

ಹೊಟ್ಟೆಯಲ್ಲಿದ್ದ ಮಗು ಹೋದ ಮೇಲೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು. ಗಂಡ ಗಾದಿಲಿಂಗಪ್ಪ ದೂರದ ಮಾನಸಿಕ ಆಸ್ಪತ್ರೆಗೆ ಸೇರಿಸಿ ಬಂದ. ಆರು ತಿಂಗಳಿಗೆ ಗುಣವಾದಳು. ನಾನು ನೋಡಲು ಹೋದರೆ ನಗುತ್ತಿದ್ದಳು, ಯೂನಿಟ್ಟಿನ ಸುದ್ದಿಯನ್ನೆಲ್ಲ ಕೆದಕಿ ಕೆದಕಿ ಕೇಳುತ್ತಿದ್ದಳು. ಆದರೂ ಮನೆಗೆ ಬಿಡಲಿಲ್ಲ. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ರೋಗಿಗಳು ತೊಡುವ ಮೊಣಕಾಲುದ್ದದ ಅಂಗಿ ಹೊಲಿಯಲು ಹೇಳಿದರೆ ಸುಮ್ಮನೆ ಕೂತುಬಿಟ್ಟಳಂತೆ.

"ಟೇಲರ್ ಅಂತೀರಿ, ತನ್ನ ಕೆಲಸಾನೇ ಮರೆತಿದ್ದಾಳೆ" ಎಂದರು ಡಾಕ್ಟರು.

ನನಗೆ ರೇಗಿತು. "ಮರ್ತಿಲ್ರಿ ಸಾರ್, ಆಕಿಗೆ ಬರೋದೇ ಜೇಬು. ನನಗೂ ಅಂಗಿ ಬರಂಗಿಲ್ರಿ. ಹಂಗಾದ್ರ ನನ್ನೂ ಒಳಗ ಹಾಕ್ರಿ" ಎಂದೆ.

"ಕಲಿಯಲಿ. ಒಂದು ಅಂಗಿ ಸರಿಯಾಗಿ ಹೊಲಿದು ತೋರಿಸಲಿ, ಅವತ್ತೇ ಕಳಿಸ್ತೀನಿ" ಎಂದರು.

ಮುಂದಿನ ತಿಂಗಳು ಹೋದಾಗ ಆದಿಲಕ್ಷ್ಮಿ ಮಡಿಚಿದ ಅಂಗಿಯನ್ನು ಎದೆಗವಚಿಕೊಂಡು ವಾರ್ಡಿನ ಬಾಗಿಲಲ್ಲೇ ನಿಂತಿದ್ದಳು. ಕುತ್ತಿಗೆ, ತೋಳು, ಅಂಚು ಎಲ್ಲವೂ ಅಚ್ಚುಕಟ್ಟು. ನನಗೂ ಹೆಮ್ಮೆಯಾಯಿತು. ತಿರುಗಿಸಿ ನೋಡಿದೆ. ಹಿಂದೆ, ಸೊಂಟದ ಕೆಳಗೆ, ಒಂದು ಜೇಬು. ಅಲ್ಲಿ ರೋಗಿಗಳ ಬಟ್ಟೆಗೆ ಜೇಬು ಇಡುವುದೇ ಇಲ್ಲ, ಏನಾದರೂ ಬಚ್ಚಿಟ್ಟುಕೊಂಡಾರೆಂದು.

"ಕೈ ತಾನಾಗೇ ಅಲ್ಲಿಗೆ ಹೋತು ಮಂಜಕ್ಕ" ಎಂದಳು. "ಡಾಕ್ಟರು ಈಗ ಬರ್ತಾರ."

ಕತ್ತರಿ ಕೇಳಿದರೆ ಕೊಡುವ ಜಾಗವಲ್ಲ ಅದು. ಹಲ್ಲಿನಿಂದಲೇ ದಾರ ಕಡಿಯತೊಡಗಿದೆ. ಎರಡೆರಡು ಸಾಲು ಹೊಲಿಗೆ, ಮೂಲೆಗೆ ಬಿಗಿ ಗಂಟು. ಹನ್ನೊಂದು ವರ್ಷ ಪಳಗಿದ ಕೈ. ಅಂಗಿಯನ್ನು ಅವಳು ಹಿಡಿದುಕೊಂಡಳು, ಜೇಬನ್ನು ನಾನು ಎಳೆದೆ. ಜೇಬು ಬಿಡಲಿಲ್ಲ, ಅಂಗಿ ಪರ್ರೆಂದು ಹರಿಯಿತು.

ಒಂದು ತುಂಡು ನನ್ನ ಕೈಯಲ್ಲಿ, ಒಂದು ಅವಳ ಕೈಯಲ್ಲಿ ಇದ್ದಾಗ ಡಾಕ್ಟರು ಒಳಗೆ ಬಂದರು.

"ಹರಿದಿದ್ದು ನಾನ್ರಿ ಸಾರ್" ಎಂದೆ.

"ರೋಗಿ ಕಡೆಯವರೆಲ್ಲ ಹೀಗೇ ಹೇಳ್ತಾರಮ್ಮ" ಎಂದು ಅವಳ ಕಾಗದದಲ್ಲಿ ಏನೋ ಬರೆದರು.

ಏನು ಬರೆದಿರೆಂದು ಕೇಳಿದೆ. ಓದಿ ಹೇಳಿದರು: "ಬಟ್ಟೆ ಹರಿದುಕೊಳ್ಳುತ್ತಾಳೆ. ಇನ್ನೂ ಆರು ತಿಂಗಳು ಇರಲಿ."

ಬಸ್ಸಿನಲ್ಲಿ ರಾಯದುರ್ಗದವರೆಗೂ ಅತ್ತೆ. ಹಲ್ಲಿನ ಸಂದಿಯಲ್ಲಿ ಅವಳ ದಾರ ಸಿಕ್ಕಿಕೊಂಡೇ ಇತ್ತು.