ಕಾಂತಮ್ಮನವರ ಬಲ ಮಗ್ಗುಲು

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಹಾಸಿಗೆಯಲ್ಲಿ ಯಾರ ಕಾಲಿಗೆ ಎಷ್ಟು ಜಾಗ ಎಂದು ಅವನು ಕೇಳಲೇ ಇಲ್ಲ. ಕುಶಾಲನಗರದಲ್ಲಿ ಹದಿನಾರು ವರ್ಷದಿಂದ ಹಾಸಿಗೆ ಅಂಗಡಿ ಇಟ್ಟುಕೊಂಡು ಕೂತಿರುವ ನನಗೆ ದಿನಕ್ಕೆ ಒಬ್ಬರಾದರೂ ಈ ಗಾದೆ ಹೇಳಿ ನಗುತ್ತಾರೆ. ನಾನೂ ನಗುತ್ತಿದ್ದೆ. ಗಿರಾಕಿ ನಕ್ಕಾಗ ಮುಖ ಗಂಟು ಹಾಕಿಕೊಂಡರೆ ವ್ಯಾಪಾರ ಆಗುತ್ತದೆಯೇ? ಕಾಂತಮ್ಮನವರ ವಿಷಯ ಆದ ಮೇಲೆ ಆ ನಗು ಬರುತ್ತಿಲ್ಲ.

ಕಾಂತಮ್ಮ ಶನಿವಾರಸಂತೆ ಕಡೆಯವರು. ಅರವತ್ತನಾಲ್ಕು ವರ್ಷ. ಆಳು ಗಿಡ್ಡ, ಹಣೆಗೆ ವಿಭೂತಿ, ಕತ್ತಿನಲ್ಲಿ ಇಷ್ಟಲಿಂಗದ ಕರಡಿಗೆ. ಗಂಡ ಮಹದೇವಪ್ಪನವರಿಗೆ ಆರು ಎಕರೆ ಕಾಫಿ, ಒಂದಿಷ್ಟು ಮೆಣಸು, ಶುಂಠಿ. ನನಗೆ ಕಾಂತಮ್ಮ ಗೊತ್ತಿದ್ದದ್ದು ದಿಂಬಿನಿಂದ. ಅವರ ಊರಿನಲ್ಲಿ ಯಾವ ಹುಡುಗಿಗೆ ಮದುವೆಯಾದರೂ ಜೊತೆಗೆ ಕಳಿಸುವ ದಿಂಬು ತುಂಬುವವರು ಇವರೇ. ಬೇಸಿಗೆಯಲ್ಲಿ ತೋಟದ ಬೂರುಗದ ಕಾಯಿ ಒಡೆದಾಗ ಹತ್ತಿ ಆರಿಸಿ, ಬೀಜ ಬಿಡಿಸಿ, ಬಿಸಿಲಿಗೆ ಹಾಕಿ, ದಿಂಬಿನ ಬಟ್ಟೆಗೆ ನನ್ನ ಅಂಗಡಿಗೆ ಬರುತ್ತಿದ್ದರು. ಒಮ್ಮೆ ನಾನು ಕಂಪನಿಯ ದಿಂಬೊಂದನ್ನು ಬಡಾಯಿಯಿಂದ ಅವರ ಕೈಗೆ ಕೊಟ್ಟೆ. ಅಂಗೈಯಲ್ಲಿ ಒಂದು ಸಲ ಒತ್ತಿ ವಾಪಸ್ಸು ಕೊಟ್ಟರು.

"ಇದ್ಕೆ ಉಸ್ರಿಲ್ಲ ಕಣಪ್ಪ ನಂದೀಶ," ಎಂದರು.

ಅಷ್ಟು ತಿಳಿದ ಕೈ ಅದು. ಆದರೆ ತಮಗಾಗಿ ಏನನ್ನಾದರೂ ಕೇಳಿ ಗೊತ್ತಿದ್ದ ಬಾಯಿ ಅಲ್ಲ.

ಕಳೆದ ವರ್ಷ ಮೇ ತಿಂಗಳ ಕೊನೆಗೆ ಮೂವರು ಒಟ್ಟಿಗೆ ಬಂದರು. ಮುಂದೆ ಮಹದೇವಪ್ಪ, ನಡುವೆ ಸೊಸೆ ಸೌಜನ್ಯ, ಹಿಂದೆ ಗೋಡೆಗೆ ಕೈ ಕೊಟ್ಟುಕೊಂಡು ಕಾಂತಮ್ಮ. ಎರಡೂ ಮಂಡಿ ಸವೆದಿವೆ ಎಂದು ಡಾಕ್ಟರು ಹೇಳಿದ್ದರಂತೆ. ನೆಲದ ಮೇಲೆ ಮಲಗಲೇಬಾರದು, ಮಂಚಕ್ಕೆ ಮೀಡಿಯಂ ಎತ್ತರದ ಹಾಸಿಗೆ ಹಾಕಿಸಿ ಎಂದು ಚೀಟಿಯಲ್ಲಿ ಬರೆದಿದ್ದರು. ಮದುವೆಯಾಗಿ ನಲವತ್ತೊಂದು ವರ್ಷದಿಂದ ಆ ಮನೆಯಲ್ಲಿ ಗಂಡ ಮಂಚದ ಮೇಲೆ, ಹೆಂಡತಿ ಪಕ್ಕದಲ್ಲಿ ಚಾಪೆಯ ಮೇಲೆ. ಈಗ ಚಾಪೆಯಿಂದ ಏಳಬೇಕಾದರೆ ಸೊಸೆಯನ್ನು ಕೂಗಬೇಕಿತ್ತು. ಕೂಗಲು ನಾಚಿಕೆಯಾಗಿ ಒಂದು ದಿನ ಬೆಳಗಿನ ಜಾವ ಬಾಗಿಲವರೆಗೆ ತೆವಳಿಕೊಂಡು ಹೋಗಿದ್ದರಂತೆ. ಸೌಜನ್ಯ ಅದನ್ನು ನನಗೆ ಪಿಸುದನಿಯಲ್ಲಿ ಹೇಳುವಾಗ ಕಾಂತಮ್ಮ ಕೇಳಿಸಿಕೊಂಡುಬಿಟ್ಟರು.

"ಅದೆಲ್ಲ ಯಾಕವ್ವ ಹೇಳ್ತೀಯ?" ಎಂದು ಅವಳ ಬಾಯಿ ಮುಚ್ಚಿಸಿ, ನನ್ನ ಕಡೆ ತಿರುಗಿದರು. "ಏಳಾಕೆ ಇನ್ನೊಬ್ರನ್ನ ಕರಿಯಂಗೆ ಆಗ್ಬಾರ್ದು. ಅಷ್ಟಾದ್ರೆ ಸಾಕು."

ಅವರು ತಮಗೆಂದು ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಹದೇವಪ್ಪನವರಿಗೆ ಚೀಟಿಯ ಮೇಲೇ ಸಿಟ್ಟು. "ಅದ್ಯಾಕೆ ಮೀಡಿಯಂ? ನಮ್ ತೋಟದ್ ಕಾಫಿ ಎ ಗ್ರೇಡಿಗೆ ಹೋಯ್ತದೆ. ಬಿ ಗ್ರೇಡ್ ಹಾಸಿಗೆ ತಗಳಾಕೆ ಶನಿವಾರಸಂತೆಯಿಂದ ಇಲ್ಲೀವರ್ಗೂ ಬರ್ಬೇಕಿತ್ತಾ? ದೊಡ್ಡದು ಕೊಡಿ. ಕಿಂಗ್ ಸೈಜು. ಎತ್ರುದ್ದು."

ಮೀಡಿಯಂ ಎಂದರೆ ದರ್ಜೆಯಲ್ಲ, ಎತ್ತರ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಗಂಟಲು ಒಣಗಿತು. ಲೆಕ್ಕ ಬಹಳ ಸುಲಭ. ಹಾಸಿಗೆಯ ಅಂಚಿನಲ್ಲಿ ಕೂತರೆ ಪಾದ ಪೂರ್ತಿ ನೆಲಕ್ಕೆ ಊರಬೇಕು. ಎತ್ತರ ಹೆಚ್ಚಾದರೆ ಕಾಲು ತೂಗಾಡುತ್ತದೆ, ತಗ್ಗಾದರೆ ಏಳುವಾಗ ಮಂಡಿಯ ಮೇಲೆ ಭಾರ ಬೀಳುತ್ತದೆ. ಅದಕ್ಕೆ ಹಿಮ್ಮಡಿಯಿಂದ ಮಂಡಿಯವರೆಗೆ ಅಳೆಯಬೇಕು. "ಅಮ್ಮಾ, ಇಲ್ಲಿ ಸ್ವಲ್ಪ ಕೂತ್ಕೊಳ್ಳಿ," ಎಂದು ಜೋಡಿಸಿಟ್ಟ ಹಾಸಿಗೆ ತೋರಿಸಿದೆ. ಆ ಹೊತ್ತಿಗೆ ಮಹದೇವಪ್ಪ ಅದರ ಮೇಲೆ ಉದ್ದಕ್ಕೆ ಮಲಗಿ ನೋಡುತ್ತಿದ್ದರು. ಗಂಡ ಮಲಗಿದ ಹಾಸಿಗೆಯ ಮೇಲೆ, ಅದೂ ಅಂಗಡಿಯ ನಾಲ್ಕು ಜನ ಗಂಡಸರ ಎದುರಿಗೆ, ಕಾಂತಮ್ಮ ಕೂರುತ್ತಾರೆಯೇ? ಸೆರಗು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಸೌಜನ್ಯಳೇ ನನ್ನ ಟೇಪು ತೆಗೆದುಕೊಂಡು ಅತ್ತೆಯನ್ನು ಹಾಸಿಗೆಗಳ ಅಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದಳು. "ಹದಿನೇಳು ಇಂಚು!" ಎಂದು ಅಲ್ಲಿಂದಲೇ ಕೂಗಿದಳು.

ಒಂಬತ್ತು ಇಂಚಿನ ಮಂಚ, ಎಂಟು ಇಂಚಿನ ಹಾಸಿಗೆ. ಇದು ಎ ಗ್ರೇಡಿನಲ್ಲೇ ಮೀಡಿಯಂ ಎಂದು ಮಹದೇವಪ್ಪನವರಿಗೆ ಒಂದು ಸುಳ್ಳು ಹೇಳಿ ಒಪ್ಪಿಸಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡೆ.

ಇನ್ನು ಉಳಿದದ್ದು ಗಟ್ಟಿಯೋ ಮೆತ್ತಗೋ ಎಂಬುದು. ಅದಕ್ಕೆ ನಾನು ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: ನೀವು ಮಲಗುವುದು ಹೇಗೆ? ಅಂಗಾತ ಮಲಗುವವರಿಗೆ ಗಟ್ಟಿ ಇರಬೇಕು, ಇಲ್ಲದಿದ್ದರೆ ಸೊಂಟ ಕುಸಿಯುತ್ತದೆ. ಮಗ್ಗುಲಾಗಿ ಮಲಗುವವರಿಗೆ ಮೆತ್ತಗಿರಬೇಕು, ಇಲ್ಲದಿದ್ದರೆ ಭುಜ, ತೊಡೆಯ ಕೀಲು ಒತ್ತಿ ನೋಯುತ್ತವೆ. ಗಂಡ ಒಂದು ಥರ ಹೆಂಡತಿ ಒಂದು ಥರ ಮಲಗಿದರೂ ತೊಂದರೆಯಿಲ್ಲ. ಅರ್ಧ ಗಟ್ಟಿ, ಅರ್ಧ ಮೆತ್ತಗೆ ಇರುವ ಕಿಂಗ್ ಸೈಜು ಹಾಸಿಗೆಯೊಂದು ಅವತ್ತು ನನ್ನ ಅಂಗಡಿಯಲ್ಲೇ ಇತ್ತು.

"ಅಮ್ಮ ಹೇಗೆ ಮಲಗ್ತಾರೆ?" ಎಂದು ಕೇಳಿದೆ.

"ಇವ್ಳಾ? ಅಂಗಾತ," ಎಂದರು ಮಹದೇವಪ್ಪ, ಮಲಗಿದ್ದಲ್ಲಿಂದಲೇ. "ನೆಟ್ಟಗೆ ಅಂಗಾತ ಮಲಗ್ತಾಳೆ. ಒಂದ್ ಸದ್ದಿಲ್ಲ, ಹೊಳ್ಳಾಟ ಇಲ್ಲ. ನಾನೂ ಅಂಗಾತವೇ. ಗಟ್ಟೀದೇ ಕೊಡಿ."

ಕಾಂತಮ್ಮ ನನ್ನ ಗೋಡೆಯ ಕ್ಯಾಲೆಂಡರಿನ ಕಡೆ ನೋಡುತ್ತ ನಿಂತಿದ್ದರು. ಒಂದು ಕೈ ಪಕ್ಕದ ಹಾಸಿಗೆಯನ್ನು ಒತ್ತಿ ನೋಡುತ್ತಿತ್ತು, ದಿಂಬು ಒತ್ತಿ ನೋಡಿದ ಹಾಗೆಯೇ. "ಒಸಿ ಮೆತ್ತಗಿರದು..." ಎಂದು ಶುರು ಮಾಡಿದರು.

"ಮೆತ್ತಗಿರದು ತಗಂಡು ಸೊಂಟ ಮುರ್ಕತೀಯಾ? ಸುಮ್ನಿರು ನಿಂಗೊತ್ತಾಗಲ್ಲ," ಎಂದರು ಗಂಡ.

ಬೂರುಗದ ಹತ್ತಿಯ ಹದ ಬಲ್ಲವರಿಗೆ ಹಾಸಿಗೆ ಗೊತ್ತಾಗಲ್ಲವಂತೆ. ನಾನು ಅವರನ್ನು ನೋಡಿದೆ, ಇವರನ್ನು ನೋಡಿದೆ, ಕೊಂಡುಕೊಳ್ಳುವವರು ಯಾರೋ ಅವರ ಮಾತು ಕೇಳಿ 'ಗಟ್ಟಿ' ಎಂದು ಬರೆದುಕೊಂಡೆ. "ಅಮ್ಮಾ, ನೀವೇ ಹೇಳಿ," ಎಂದು ಇನ್ನೊಂದು ಸಲ ಕೇಳಿದ್ದರೆ ನನ್ನ ಬಾಯಿಯ ಮುತ್ತು ಉದುರುತ್ತಿತ್ತೇ? ಕೇಳಲಿಲ್ಲ.

ಜೂನ್ ಮೊದಲ ವಾರ ವ್ಯಾನಿನಲ್ಲಿ ಮಂಚ, ಹಾಸಿಗೆ ಎರಡನ್ನೂ ಹಾಕಿಕೊಂಡು ನಾನೇ ಹೋದೆ. ಮಹದೇವಪ್ಪನವರ ಮನೆಯಲ್ಲಿ ಯಾವುದಕ್ಕೂ ಪ್ಲಾಸ್ಟಿಕ್ ಕಳಚುವ ಪದ್ಧತಿ ಇಲ್ಲ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ಕು, ಸೋಫಾಕ್ಕೆ ಪ್ಲಾಸ್ಟಿಕ್ಕು, ನಾಲ್ಕು ವರ್ಷದ ಸ್ಕೂಟರಿನ ಸೀಟಿಗೂ ಪ್ಲಾಸ್ಟಿಕ್ಕು. ಸೌಜನ್ಯ ಹಾಸಿಗೆಯ ಕವರಿಗೆ ಕತ್ತರಿ ಹಾಕಹೋದಳು. ಮಾವ ಕೈ ಅಡ್ಡ ಹಿಡಿದರು.

"ಮಳೆಗಾಲ ಕಳೀಲಿ. ಬೂಷ್ಟು ಹಿಡಿತದೆ. ದೀಪಾವಳಿಗೆ ತಗದ್ರಾಯ್ತು."

"ತೆಗೆದುಬಿಡಿ ಯಜಮಾನ್ರೇ. ಬೆವರುತ್ತೆ, ಮೇಲಿನ ಬೆಡ್‌ಶೀಟು ಜಾರುತ್ತೆ," ಎಂದೆ ನಾನು.

"ಆಯ್ತು, ಆಯ್ತು," ಎಂದರು. ಆ 'ಆಯ್ತು'ವಿನ ಅರ್ಥ ಗೊತ್ತಿಲ್ಲದಷ್ಟು ಎಳೆಯ ವ್ಯಾಪಾರಿ ನಾನಲ್ಲ. ಮಳೆ ಜೋರಾಗುವುದರೊಳಗೆ ಊರು ಸೇರುವ ಅವಸರ ನನಗೆ. ವ್ಯಾನಿನ ಕಡೆ ನಡೆದೆ.

ಹೊರಡುವ ಮುಂಚೆ ಕಿಟಕಿಯಲ್ಲಿ ಒಂದು ನೋಟ ಕಂಡೆ. ಗಂಡಸರೆಲ್ಲ ಹೊರಗೆ ಹೋದರೆಂದು ನೋಡಿಕೊಂಡು ಕಾಂತಮ್ಮ ಹಾಸಿಗೆಯ ಅಂಚಿನಲ್ಲಿ ಕೂತರು. ಪಾದ ಎರಡೂ ನೆಲಕ್ಕೆ ಊರಿದವು. ಎದ್ದರು, ಯಾವುದನ್ನೂ ಹಿಡಿಯದೆ. ಮತ್ತೆ ಕೂತರು, ಮತ್ತೆ ಎದ್ದರು. ಮೂರನೆಯ ಸಲ ಎದ್ದಾಗ ಒಬ್ಬರೇ ನಗುತ್ತಿದ್ದರು. ನನಗೆ ಎಷ್ಟು ಖುಷಿಯಾಯಿತೆಂದರೆ ದಾರಿಯುದ್ದಕ್ಕೂ ಡ್ರೈವರಿಗೆ ಅದೇ ಕಥೆ ಹೇಳಿದೆ.

ಆಮೇಲಿನದನ್ನು ಸೌಜನ್ಯ ಫೋನಿನಲ್ಲಿ ಹೇಳಿದಳು. ಕಿಂಗ್ ಸೈಜು ಎಂದರೆ ಆರಡಿ ಅಗಲ, ನಿಜ. ಆದರೆ ರಾಜನೂ ಅಷ್ಟೇ ಅಗಲಕ್ಕೆ ಮಲಗಿದರೆ ಏನು ಮಾಡುವುದು? ಮಹದೇವಪ್ಪ ನಡುಮಧ್ಯೆ ಕೈಕಾಲು ಚಾಚುತ್ತಿದ್ದರು. ಕಾಂತಮ್ಮನಿಗೆ ಉಳಿದದ್ದು ಅವರ ಹಳೆಯ ಚಾಪೆಯಲ್ಲಿ ಅರ್ಧದಷ್ಟು ಜಾಗ. ಗಟ್ಟಿ ಹಾಸಿಗೆಗೆ ಭುಜ ನೋಯುತ್ತಿತ್ತು. ಯಾರಿಗೂ ಹೇಳಲಿಲ್ಲ, ಅಂಚಿಗೆ ಅಂಚಿಗೆ ಸರಿದುಕೊಂಡರು. ಆದರೂ ಎರಡು ತಿಂಗಳು ಪ್ರತಿ ಬೆಳಗ್ಗೆ ಯಾರನ್ನೂ ಕರೆಯದೆ ತಾವೇ ಎದ್ದರು. ಅದು ಅವರಿಗೆ ಎಂಥ ಹೆಮ್ಮೆಯೆಂದರೆ ಸೊಸೆ ಏಳುವ ಹೊತ್ತಿಗೆ ಕಾಫಿ ಸೋಸಿಟ್ಟು, ಏನೂ ಆಗದವರ ಹಾಗೆ ವಿಭೂತಿ ಹಚ್ಚಿಕೊಂಡು ಕೂತಿರುತ್ತಿದ್ದರು.

ಆಗಸ್ಟಿನ ಒಂದು ಬೆಳಗ್ಗೆ ಏಳಲು ಬಲ ಮಗ್ಗುಲಿಗೆ ಹೊರಳಿದರು. ಬಲ ಮಗ್ಗುಲಲ್ಲೇ ಏಳಬೇಕು, ದಿನ ಒಳ್ಳೆಯದಾಗುತ್ತದೆ ಎಂದು ತವರಿನಲ್ಲಿ ಕಲಿಸಿದ್ದರಂತೆ. ಅಂಚಿಗೆ ಕೈ ಊರಿದರು. ಪ್ಲಾಸ್ಟಿಕ್ಕಿನ ಮೇಲೆ ಬೆಡ್‌ಶೀಟು ಜಾರಿತು. ಹದಿನೇಳು ಇಂಚು, ನಾನೇ ಲೆಕ್ಕ ಹಾಕಿ ಕೊಟ್ಟ ಎತ್ತರ. ಕೆಳಗೆ ಸಿಮೆಂಟು ನೆಲ. ಬಲತೊಡೆಯ ಕೀಲು ಮುರಿಯಿತು. ಹೃದಯ ತಡೆಯುವುದಿಲ್ಲ, ಆಪರೇಷನ್ ಬೇಡ ಎಂದರಂತೆ ಮೈಸೂರಿನ ಡಾಕ್ಟರು. ಮಗ್ಗುಲು ಬದಲಿಸುವ ಹಾಗಿಲ್ಲ, ತಿಂಗಳುಗಟ್ಟಲೆ ಮಲಗಿದ ಹಾಗೆಯೇ ಮಲಗಿರಬೇಕು, ಆಮೇಲೂ ನಡೆಯುವುದು ಅನುಮಾನ ಎಂದರಂತೆ.

ಹದಿನೈದು ದಿನ ಕಳೆದು ಮಹದೇವಪ್ಪ ಅಂಗಡಿಗೆ ಬಂದರು. ಮನುಷ್ಯ ಇಳಿದುಹೋಗಿದ್ದರು, ಸುಳ್ಳು ಹೇಳಬಾರದು. "ಹಾಸಿಗೆ ಹಿಡುದ್ಬಿಟ್ಲು ಕಣ್ರೀ," ಎಂದು ಕಣ್ಣು ಒರೆಸಿಕೊಂಡರು. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಬಯ್ದು ಕಳಿಸುತ್ತಿದ್ದೆ. ಬೆನ್ನಿಗೆ ಹುಣ್ಣಾಗದಂತೆ ಒಬ್ಬರಿಗೆ ಸಾಕಾಗುವ ಮೆತ್ತನೆಯ ಹಾಸಿಗೆ ಬೇಕಿತ್ತು ಅವರಿಗೆ. ಮೇ ತಿಂಗಳಲ್ಲಿ ಕಾಂತಮ್ಮ ಕೇಳಿದ್ದನ್ನು ಆಗಸ್ಟಿನಲ್ಲಿ ಕೇಳಲು ಬಂದಿದ್ದರು.

ನಾನೇ ತೆಗೆದುಕೊಂಡು ಹೋದೆ. ಜಗಲಿಯಲ್ಲೇ ಇಳಿಸಿ, ಯಾರನ್ನೂ ಕೇಳದೆ ಅದರ ಪ್ಲಾಸ್ಟಿಕ್ಕನ್ನು ಈ ತುದಿಯಿಂದ ಆ ತುದಿಗೆ ಹರಿದುಹಾಕಿದೆ. "ಅಯ್ಯೋ, ಇರ್ಲಿ ಬಿಡ್ರೀ, ಹೊಸದು!" ಎಂದರು ಮಹದೇವಪ್ಪ. ಹರಿದ ಪ್ಲಾಸ್ಟಿಕ್ಕನ್ನು ಮುದುರಿ ವ್ಯಾನಿಗೆ ಎಸೆದೆ. ಬಾಯಿ ತೆರೆದಿದ್ದರೆ ಆಡಬಾರದ್ದು ಆಡಿಬಿಡುತ್ತಿದ್ದೆ. ದೊಡ್ಡ ಕೋಣೆಯಲ್ಲಿ ಕಿಂಗ್ ಸೈಜು ಹಾಗೆಯೇ ಇತ್ತು, ಪ್ಲಾಸ್ಟಿಕ್ಕಿನ ಸಮೇತ.

ಕಾಂತಮ್ಮ ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿದ್ದರು. ಸೌಜನ್ಯ, ಅವಳ ಗಂಡ, ನಾನು ಸೇರಿ ಅವರನ್ನು ಮಿಸುಕದಂತೆ ಎತ್ತಿ ಮೆತ್ತನೆಯ ಹಾಸಿಗೆಗೆ ಬದಲಿಸಿದೆವು. ಕಾಲು ಹೊರಳದ ಹಾಗೆ ಎರಡೂ ಪಕ್ಕ ಮರಳಿನ ಚೀಲ. ಕಣ್ಣು ಮೇಲಿನ ಹೆಂಚಿಗೆ. ಮಹದೇವಪ್ಪ ಬಾಗಿಲಲ್ಲಿ ನಿಂತು ನೋಡಿದರು. ಹೆಂಡತಿ ನೆಮ್ಮದಿಯಾಗಿ ಮಲಗಿದಳು ಎಂದು ಅವರಿಗೆ ನಿಜವಾಗಿಯೂ ಸಮಾಧಾನವಾದ ಹಾಗಿತ್ತು.

"ನೋಡುದ್ರಾ ನಂದೀಶಪ್ಪ," ಎಂದರು. "ನಾನ್ ಅವತ್ತೇ ಹೇಳ್ಲಿಲ್ವಾ, ಇವ್ಳು ಅಂಗಾತ ಮಲಗದು ಅಂತ."

ಹೇಳಿ, ಆಳು ಕರೆದನೆಂದು ಕಣದ ಕಡೆ ಹೋದರು. ಸೌಜನ್ಯ ಕಾಫಿ ತರಲು ಒಳಗೆ ಹೋದಳು. ಗಂಡನೂ ಅವಳ ಹಿಂದೆಯೇ ಹೋದ. ನಾನು ಮಂಚದ ಪಕ್ಕ ಕೂತು, ಮೂರು ತಿಂಗಳು ತಡವಾಗಿ, ಆ ಪ್ರಶ್ನೆ ಕೇಳಿದೆ.

"ಅಮ್ಮಾ, ನೀವು ಮಲಗ್ತಿದ್ದದ್ದು ಹೇಗೆ?"

"ಬಲ ಮಗ್ಗುಲಿಗೆ," ಎಂದರು ಕಾಂತಮ್ಮ ಹೆಂಚು ನೋಡುತ್ತಲೇ. "ಬಾಗ್ಲ ಕಡೀಕೆ ಮುಖ ಮಾಡಿ. ನಮ್ಮತ್ತೆ ಹನ್ನೊಂದು ವರ್ಷ ಮಲಗಿದ್ದಲ್ಲೇ ಇದ್ರು, ಕರುದ್ರೆ ಕೇಳ್ಬೇಕಲ್ಲ. ಆಮೇಲೆ ಮಕ್ಳು. ಅದೇ ರೂಢಿ ಆಯ್ತು. ಇವ್ರು ನಿದ್ದೆ ಹೋದ್‌ಮೇಲೆ ಚಾಪೆ ಹಾಕ್ತಿದ್ದೆ, ಏಳೋಕ್ ಮುಂಚೆ ಸುತ್ತಿಡ್ತಿದ್ದೆ. ಪಾಪ, ಅವ್ರಾದ್ರೂ ಎಲ್ಲಿ ನೋಡ್ತಾರೆ?"

ಆ 'ಪಾಪ' ಕೇಳಿ ನನಗೆ ಮೈಯೆಲ್ಲ ಉರಿಯಿತು. ಅಂಗಡಿಯಲ್ಲೇ ಯಾಕೆ ಹೇಳಲಿಲ್ಲ ಎಂದು ಗದರಿದ ಹಾಗೇ ಕೇಳಿದೆ.

"ನೀನು ಅವ್ರನ್ನ ಕೇಳ್ದೆ ಕಣಪ್ಪ," ಎಂದರು.

ಅಂಗೈ ಪಕ್ಕದ ಹಾಸಿಗೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿತ್ತು.

"ಇದು ಚೆನ್ನಾಗದೆ. ಮೆತ್ತಗದೆ," ಎಂದರು. ಆಮೇಲೆ, ಊರಿನ ಯಾವುದೋ ಸುದ್ದಿ ಹೇಳುವ ದನಿಯಲ್ಲಿ, "ನಮ್ಮೋರಲ್ಲಿ ಸತ್ತೋರ್ನೂ ಅಂಗಾತ ಮಲಗ್ಸಲ್ಲ, ಗೊತ್ತಾ ನಂದೀಶ? ಕೂರ್ಸಿ ಮಣ್ಣು ಮಾಡ್ತಾರೆ. ಇನ್ನು ನಾನು ಎದ್ದು ಕೂರದು ಅವತ್ತೇ."