ಮೂರನೇ ಕಾಪಿ

ಪೊಟ್ಟಣ ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಹಳೆಯ ದುಪಟ್ಟಾದ ತುಂಡಿನಲ್ಲಿ ಸುತ್ತಿದ ಹಾರ್ಡ್ ಡಿಸ್ಕ್. ಚಾಚಾ ತೀರಿಕೊಂಡ ನಲವತ್ತನೇ ದಿನದ ಊಟ ಮುಗಿದ ಮೇಲೆ ಟ್ರಂಕು ಖಾಲಿ ಮಾಡುತ್ತಿದ್ದ ಅವರ ಹೆಂಡತಿ ಚಾಚಿ, ಇದು ನಿನ್ನದೇ ಎಂದು ಕಳಿಸಿದ್ದರು.

ಕುಷ್ಟಗಿಯಲ್ಲಿ ನನ್ನ ಹೊಲಿಗೆ ಅಂಗಡಿಯ ಗೋಡೆಗೆ ಅಂಟಿಕೊಂಡೇ, ಊರೆಲ್ಲ ಚಾಚಾ ಎಂದು ಕರೆಯುತ್ತಿದ್ದ ಅವರ ಫೋಟೊ ಸ್ಟುಡಿಯೋ ಇತ್ತು. ಯಾರದೇ ಮದುವೆಯ ವಿಡಿಯೋ ಇರಲಿ, ಅವರು ಮೂರು ಕಾಪಿ ಇಡುತ್ತಿದ್ದರು. ಅಂಗಡಿಯಲ್ಲಿ ಒಂದು, ಮನೆಯ ಟ್ರಂಕಿನಲ್ಲಿ ಒಂದು, ಅಳವಂಡಿಯ ತಂಗಿಯ ಮನೆಯಲ್ಲಿ ಒಂದು. ಅಂಗಡಿಗೆ ಬೆಂಕಿ ಬಿದ್ದು ಮನೆಗೆ ಕಳ್ಳ ಬಂದರೂ ಅಳವಂಡಿ ಉಳಿಯುತ್ತದಲ್ಲ ಎನ್ನುವವರು. ಎಷ್ಟು ದಿನ ಇಡಬೇಕೆಂಬುದಕ್ಕೂ ಅವರದೇ ಕಟ್ಟಳೆ: ಮೊದಲ ಮಗುವಿನ ತೊಟ್ಟಿಲ ಕಾರ್ಯದವರೆಗೆ. ಮದುವೆಯ ಪೆನ್‌ಡ್ರೈವ್ ಕಳೆದುಕೊಂಡವರಿಗೆ ಅದು ನೆನಪಾಗುವುದೇ ತೊಟ್ಟಿಲ ಫೋಟೊಗೆ ಹೇಳಲು ಬಂದಾಗ. ಆಮೇಲೆ ಯಾರೂ ಕೇಳುವುದಿಲ್ಲ, ಅಳಿಸಿ ಹೊಸ ಮದುವೆಗೆ ಜಾಗ ಮಾಡಬಹುದು.

ನನ್ನ ಮದುವೆ ತೆಗೆದವರೂ ಅವರೇ. ತೊಟ್ಟಿಲು ಬರಲಿಲ್ಲ. ಗಂಡ ಗಂಗಾವತಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ. ಬಿಡುಗಡೆ ಕೊಡಲಿಲ್ಲ, ಕರೆದುಕೊಂಡೂ ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತವರು ಅಣ್ಣಂದಿರದಾಯಿತು. ಅತ್ತೆಯ ಮನೆಯಲ್ಲೇ ಉಳಿದೆ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊರಬೀಳುವುದು, ಸಂಜೆ ಅದೇ ಹೊಸ್ತಿಲು ದಾಟಿ ಒಳಗೆ ಹೋಗುವುದು. ಅಂಗಡಿಯಲ್ಲಾದರೂ ಹಾಯಾಗಿ ಇರೋಣವೆಂದರೆ ಗೋಡೆಯಾಚೆ ನನ್ನ ಮದುವೆ ಕೂತಿತ್ತು. ನನ್ನ ನಂತರ ಮದುವೆಯಾದವರದೆಲ್ಲ ಅಳಿಸಿಹೋಗಿತ್ತು. ನನ್ನದು ಮಾತ್ರ ಮೂರು ಕಡೆ ಭದ್ರವಾಗಿತ್ತು.

ಒಂದು ದಿನ ತಡೆಯಲಾರದೆ ಹೋಗಿ ಕೇಳಿದೆ. “ಚಾಚಾ, ನಂದು ಅಳಸಿಬಿಡ್ರಿ. ಒಂದೂ ಉಳೀಬಾರ್ದು.”

ಅವರು ಕಂಪ್ಯೂಟರಿನಲ್ಲಿ ಏನನ್ನೋ ಹುಡುಕಿ, ಹೆಡ್‌ಫೋನ್ ನನ್ನ ಕೈಗಿತ್ತರು. ಪರದೆಯ ಮೇಲೆ ಊಟದ ಪಂಕ್ತಿ. ಹೆಗಲ ಮೇಲೆ ಟವೆಲ್ ಹಾಕಿಕೊಂಡ ಅಪ್ಪ, ಗಂಡಿನ ಕಡೆಯವರ ಮುಂದೆ ಬಾಗಿ ನಿಂತಿದ್ದಾರೆ. “ಬೀಗರ, ಇನ್ನೊಂದು ಹೋಳಗಿ ತಗೋರಿ. ನಾಚಬ್ಯಾಡ್ರಿ.” ಆ ಗೊಗ್ಗರು ದನಿ… ಮರೆತೇಬಿಟ್ಟಿದ್ದೆ.

“ಅಳಸೂದೇನು, ಒಂದು ಬಟನ್ ಒತ್ತಿದ್ರ ಆತು, ಯವ್ವಾ. ನಾಳಿ ನಿಮ್ಮಪ್ಪನ ದನಿ ಬೇಕಂದ್ರ ನಾ ಎಲ್ಲಿಂದ ತರ್ಲಿ?”

ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು. ಇದ್ದ ಒಂದು ದಾರಿಗೂ ಈ ಮನುಷ್ಯ ನನ್ನ ಅಪ್ಪನನ್ನೇ ಅಡ್ಡ ನಿಲ್ಲಿಸಿದ್ದ. ಅಪ್ಪನದಷ್ಟೇ ಕತ್ತರಿಸಿ ಕೊಡಿ ಎಂದೆ. ಪಾಪ, ಸಂಜೆವರೆಗೂ ಪ್ರಯತ್ನಿಸಿದರು. ಅಪ್ಪ ಎಲ್ಲೇ ಮಾತಾಡಿರಲಿ, ಆ ಮಾತು ಅಳಿಯನ ಜೊತೆ, ಇಲ್ಲವೇ ಬೀಗರ ಜೊತೆ. ಬಿಡಿಸಲು ಬರಲಿಲ್ಲ.

ಕೊನೆಗೆ ಅಂಗಡಿಯದನ್ನು ನನ್ನೆದುರೇ ಅಳಿಸಿದರು. ಅಳವಂಡಿಯದನ್ನೂ ತರಿಸಿ ಅಳಿಸಿದರು. ಟ್ರಂಕಿನದನ್ನು ಮಾತ್ರ ಮುಟ್ಟಲಿಲ್ಲ. “ಇದು ನಮ್ಮ ಮನ್ಯಾಗ ಇರ್ಲಿ. ನಿನ್ನ ಕಣ್ಣಿಗೆ ಬೀಳೂದಿಲ್ಲ. ಬ್ಯಾಡಾದ ದಿನ ಹೇಳು.”

ಆಮೇಲೆ ಪ್ರತಿ ರಂಜಾನಿಗೆ ಅವರ ಮನೆಯಿಂದ ಡಬ್ಬಿ ತುಂಬ ಸುರಕುಂಬಾ ಪಾಯಸ ಬರುತ್ತಿತ್ತು. ತೊಳೆದ ಡಬ್ಬಿ ಮರಳಿಸಲು ಹೋದಾಗ ಚಾಚಾ ತಲೆ ಎತ್ತದೆ ಕೇಳುತ್ತಿದ್ದರು: “ಇರ್ಲೇನವಾ?” ನಾನು ಹೂಂ ಎನ್ನುತ್ತಿದ್ದೆ. ವರ್ಷಕ್ಕೊಮ್ಮೆ, ಅಷ್ಟೇ. ಬೇರೆ ಯಾರೂ ನನ್ನ ಬದುಕಿನ ಬಗ್ಗೆ ಇರಲೋ ಬೇಡವೋ ಎಂದು ನನ್ನನ್ನು ಕೇಳಿದವರಲ್ಲ…

ನಿನ್ನೆ ಬಸ್ ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಡಿಸ್ಕ್ ಒಯ್ದೆ. ಹಳೆಯದಾಗಿದೆ, ಬೇಗ ಕಾಪಿ ಮಾಡಿಸಿಕೊಳ್ಳಿ, ಎಷ್ಟು ಬೇಕು ಎಂದ ಅಂಗಡಿಯವ. ಬೇಡ ಎನ್ನಲು ನಿನ್ನೆಯೂ ಬಾಯಿ ಬರಲಿಲ್ಲ. ಮೂರು ಎಂದೆ.

ಒಂದನ್ನು ಹಳೆಯ ಡಿಸ್ಕಿನ ಜೊತೆ ಹೊಲಿಗೆ ಮಷೀನಿನ ಡ್ರಾದಲ್ಲಿಟ್ಟೆ. ಇನ್ನೊಂದು ಅತ್ತೆಯ ಮನೆಯಲ್ಲಿ, ನನ್ನ ಸೀರೆಗಳ ಕೆಳಗಿದೆ. ಮೂರನೆಯದು ಬೇರೆಯವರ ಮನೆಯಲ್ಲಿರಬೇಕು. ಬಿಚ್ಚಿ ನೋಡದೆ ಇಟ್ಟುಕೊಂಡು, ವರ್ಷಕ್ಕೊಮ್ಮೆ ಇರಲೇನು ಎಂದು ಕೇಳುವ ಮನೆ. ಬೆಳಿಗ್ಗೆಯಿಂದ ಅದನ್ನು ಚೀಲದಲ್ಲಿ ಹಾಕಿಕೊಂಡು ತಿರುಗುತ್ತಿದ್ದೇನೆ.